ಕೋಠಿಗೆ ಹೋದ ನಮ್ಮ ಬಾಗಿಲು

ಟಿಕೆಟು ತೆಗೆದುಕೊಂಡು ಸ್ವಂತ ಮನೆಯ ಬಾಗಿಲನ್ನು ನೋಡಿ ಬಂದವರು ಇಡೀ ಶಿರ್ವದಲ್ಲಿ ನಾವು ಮಾತ್ರ ಎಂದು ನನ್ನ ಅಂದಾಜು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಆದದ್ದು ಹಾಗೆ.

ಕಾಪುವಿನಿಂದ ಸ್ವಲ್ಪ ದೂರದಲ್ಲಿ, ಹೊಳೆ ಸಮುದ್ರ ಸೇರುವಲ್ಲಿ, ಹಿಂದೆ ಪರಂಗಿಯವರು ಮೆಣಸನ್ನೂ ಅಕ್ಕಿಯನ್ನೂ ಕೊಂಡು ಹಡಗಿಗೆ ತುಂಬಿಸುತ್ತಿದ್ದ ಒಂದು ಕೋಠಿ ಉಂಟು. ಅದು ಪೋರ್ಚುಗೀಸರದ್ದೋ ಡಚ್ಚರದ್ದೋ ಎಂಬ ವಿಷಯದಲ್ಲಿ, ನಾನು ಕನ್ನಡ ಕಲಿಸುತ್ತಿದ್ದ ಮಣಿಪಾಲದ ಕಾಲೇಜಿನ ಇಬ್ಬರು ಚರಿತ್ರೆ ಅಧ್ಯಾಪಕರು ಪರಸ್ಪರ ಮಾತು ಬಿಟ್ಟಿದ್ದರು. ಅದು ಪಾಳು ಬಿದ್ದಿದ್ದ ಕಾಲದಲ್ಲಿ ನನ್ನ ಅಜ್ಜ ಅದರ ಬಾಗಿಲನ್ನು ಹರಾಜಿನಲ್ಲಿ ಹಿಡಿದು, ಎತ್ತಿನ ಗಾಡಿಯಲ್ಲಿ ಮನೆಗೆ ತಂದಿದ್ದರು. ಮೂರು ಅಗಲ ಹಲಗೆಗಳ ಭಾರೀ ಬಾಗಿಲು. ಅದು ನಮ್ಮ ಮನೆಯ ಚೌಕಟ್ಟಿಗೆ ಹಿಡಿಸಲಿಲ್ಲವಾದ್ದರಿಂದ ಮನೆಯ ಗೋಡೆಯನ್ನೇ ಒಡೆದು ಕಟ್ಟಿಸಿದರಂತೆ.

ಪ್ರತಿ ವರ್ಷ ಹೊಸ ಅಕ್ಕಿ ಊಟದ ಮೊಂತಿ ಹಬ್ಬದ ದಿನ ಅಮ್ಮ ಮಕ್ಕಳನ್ನು ಆ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲಿಸಿ, ನೆತ್ತಿಯ ಮಟ್ಟಕ್ಕೆ ಚೂರಿಯಿಂದ ಒಂದು ಗೆರೆ ಗೀರುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಹಲಗೆ.

ಎಂಬತ್ತರ ದಶಕದ ಆರಂಭದಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆದವು. ಕುವೈಟಿನಲ್ಲಿದ್ದ ಅಣ್ಣ ಹೊಸ ಮನೆ ಕಟ್ಟಿಸಿದ; ಸರಕಾರ ಹಳೆಯ ಕೋಠಿಯನ್ನು ದುರಸ್ತಿ ಮಾಡಿಸತೊಡಗಿತು. ಹೊಸ ಮನೆಗೆ ಪಾಲಿಶ್ ಹೊಡೆದ ಬಾಗಿಲು ಬಂತು, ಹಳೆಯದು ದನದ ಹಟ್ಟಿಯ ಗೋಡೆಗೆ ಒರಗಿತು. ಒಂದು ಬೆಳಿಗ್ಗೆ ಜೀಪಿನಲ್ಲಿ ಬಂದ ಎಂಜಿನಿಯರು ಕೇಳಿದಾಗ ಅಪ್ಪ ಅವರಿಗೆ ಚಹಾ ಕೊಟ್ಟರು, ಬಾಗಿಲನ್ನೂ ಕೊಟ್ಟರು. ಅಮ್ಮ ಬೆಳಗಿನ ಬಲಿಪೂಜೆಗೆ ಇಗರ್ಜಿಗೆ ಹೋಗಿದ್ದರು.

“ಬಾಗಿಲು ಎಲ್ಲುಂಟು?” ಎಂದು ಅಮ್ಮ ಬಂದವರೇ ಕೇಳಿದರು.

“ಸರಕಾರಕ್ಕೆ ಬೇಕಂತೆ. ಕೊಟ್ಟೆ.”

ಅಮ್ಮ ಹಟ್ಟಿಗೆ ಹೋಗಿ ಬರಿದಾದ ಗೋಡೆಯನ್ನು ನೋಡಿ ಬಂದರು. ಕೋಠಿಯ ದುರಸ್ತಿ ಮುಗಿಯುವವರೆಗೂ ಅಪ್ಪನೊಡನೆ ಮಾತೇ ಆಡಲಿಲ್ಲ. ಊಟಕ್ಕೆ ಬರಬೇಕೆಂಬುದನ್ನು ನನ್ನ ಮೂಲಕ ತಿಳಿಸುತ್ತಿದ್ದರು. ನಾನಿಲ್ಲದಾಗ ತಟ್ಟೆಯನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದರಂತೆ. ಮುದಿ ಬಾಗಿಲಿಗೆ ಇಷ್ಟು ಕೋಪವೇ ಎಂದು ನಾನು ಅಂದುಕೊಂಡೆ. ನಾನು ಕಾಲೇಜಿನಲ್ಲಿ ಕಲಿಸುವವನು, ನನಗೆ ತಡವಾಗಿ ತಿಳಿಯುತ್ತದೆ.

ಕೋಠಿ ತೆರೆದ ಮೇಲೆ ಅಮ್ಮನೇ “ನೋಡಿ ಬರುವ” ಎಂದರು. ಮೂವರೂ ಬಸ್ಸು ಹತ್ತಿದೆವು.

ಕೋಠಿಯನ್ನು ತೋರಿಸಲಿಕ್ಕೆ ಇದ್ದವರು ವಾಸಣ್ಣ ಎಂಬ ನಿವೃತ್ತ ಬಸ್ ಕಂಡಕ್ಟರು. “ಮುಂದೆ ಹೋಗಿ, ಒಳಗೆ ಜಾಗ ಉಂಟು” ಎನ್ನುತ್ತಾ ಹತ್ತಾರು ಜನರನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದರು. ನಮ್ಮ ಬಾಗಿಲಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು.

“ಇದು ಕಾಳಗ ನಡೆದ ಜಾಗ. ಇವು ಕತ್ತಿಯ ಏಟುಗಳು.”

ಮೊದಲನೆಯ ಹಲಗೆಯಲ್ಲಿ ಅಣ್ಣನ ಬಾಲ್ಯವಿಡೀ ಒಬ್ಬ ದಳಪತಿಯ ಶೌರ್ಯವಾಯಿತು. ಎರಡನೆಯದು ನನ್ನದು. ಎಂಟನೇ ಕ್ಲಾಸಿನ ನಂತರ ನಾನು ಬೆಳೆಯದ ಕಾರಣ ಅಲ್ಲಿ ಗೆರೆಗಳು ಒಂದರ ಮೇಲೊಂದು ಬಿದ್ದಿವೆ. “ಇಲ್ಲಿ ಯುದ್ಧ ಬಹಳ ಜೋರಾಗಿತ್ತು” ಎಂದರು ವಾಸಣ್ಣ. ಜನ ನನ್ನ ಹಲಗೆಯನ್ನು ಗೌರವದಿಂದ ನೋಡಿದರು. ನಾನು ಚಪ್ಪಲಿ ನೋಡಿಕೊಂಡೆ.

ಆಮೇಲೆ ಅವರು ಅಂಚಿನ ಹಲಗೆಗೆ ಬಂದರು. ಅದರಲ್ಲಿ ಇದ್ದದ್ದು ಮೂರೇ ಗೆರೆ, ಮೂರೂ ಸೊಂಟದಿಂದ ಕೆಳಗೆ.

“ಇಲ್ಲಿ ನಿಂತವ ಬೇಗ ಬಿದ್ದ” ಎಂದರು.

“ಹೌದು” ಎಂದರು ಅಮ್ಮ. “ನಾಲ್ಕು ವರ್ಷ ತುಂಬಿತ್ತು. ಜ್ವರ ಬಂತು. ರೋಜಿ ಅಂತ ಹೆಸರು.”

ರೋಜಿ ನನ್ನ ಅಕ್ಕ. ನಾನು ಹುಟ್ಟುವ ಮೊದಲೇ ತೀರಿಕೊಂಡವಳು. ಅವಳದೊಂದು ಫೋಟೋ ಕೂಡ ನಮ್ಮಲ್ಲಿ ಇರಲಿಲ್ಲ.

ವಾಸಣ್ಣ ಉಳಿದವರನ್ನು ಮುಂದಿನ ಕೋಣೆಗೆ ಕಳಿಸಿದರು. ಅಮ್ಮ ಅವರಿಗೆ ಎಲ್ಲವನ್ನೂ ಹೇಳಿದರು. ಅವರು ಹೆಗಲ ಮೇಲಿನ ಬೈರಾಸನ್ನು ಕೈಗೆ ತೆಗೆದುಕೊಂಡು ಕೇಳಿಸಿಕೊಂಡರು.

“ನನಗೆ ಗೊತ್ತಿರಲಿಲ್ಲ ಬಾಯಮ್ಮ. ಇಲಾಖೆಯವರು ಎಂತ ಬರೆದುಕೊಟ್ಟಿದ್ದಾರೋ ಅದನ್ನೇ ಹೇಳುವುದು.”

“ಕತ್ತಿ ಅಂತಲೇ ಹೇಳಿ, ತೊಂದರೆ ಇಲ್ಲ” ಎಂದರು ಅಮ್ಮ. “ಈ ಹಲಗೆಯದ್ದು ಮಾತ್ರ ಬೇಡ.” ಆಮೇಲೆ ಬಗ್ಗಿ, ಮುಟ್ಟಬಾರದೆಂಬ ಬೋರ್ಡಿನ ಪಕ್ಕದಲ್ಲೇ, ಮೂರು ಗೆರೆಗಳನ್ನೂ ಒಂದೊಂದಾಗಿ ಮುಟ್ಟಿದರು. ವಾಸಣ್ಣ ಸಮುದ್ರದ ಕಡೆ ತಿರುಗಿ ನಿಂತರು.

ಅಪ್ಪ ಅಷ್ಟು ಹೊತ್ತೂ ಹಿಂದೆ ನಿಂತಿದ್ದರು. “ನನಗೆ ನೆನಪೇ ಆಗಲಿಲ್ಲ” ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ, “ಬಿಸಿಲು ಬರುತ್ತದೆ, ಈಚೆ ಕೂತುಕೊಳ್ಳಿ” ಎಂದು ಅವರಿಗೆ ನೇರವಾಗಿ ಹೇಳಿದರು. ನನ್ನ ಉದ್ಯೋಗ ಅಲ್ಲಿಗೆ ಮುಗಿಯಿತು.

ಮರುವರ್ಷ ವಿದ್ಯಾರ್ಥಿಗಳನ್ನು ಕರೆದುಕೊಂಡು ಅಲ್ಲಿಗೆ ಹೋದೆ. ವಾಸಣ್ಣ ನನ್ನ ಗುರುತು ಹಿಡಿಯಲಿಲ್ಲ. ಯುದ್ಧ ಮೊದಲಿಗಿಂತಲೂ ಜೋರಾಗಿತ್ತು. ನನ್ನ ಹಲಗೆಯೊಂದರಲ್ಲೇ ಏಳೆಂಟು ಜನ ಸತ್ತರು. ಅಂಚಿನ ಹಲಗೆಗೆ ವಾಸಣ್ಣನೇ ಅಡ್ಡ ನಿಂತಿದ್ದರು. ಒಬ್ಬ ಹುಡುಗಿ ಬಗ್ಗಿ ನೋಡಿ, “ಅದು ಯಾರ ಏಟು?” ಎಂದು ಕೇಳಿದಳು.

“ಅದು ಏಟಲ್ಲ ಮಗಾ” ಎಂದರು ವಾಸಣ್ಣ. “ಅದು ಈ ಬಾಗಿಲು ಇದ್ದ ಮನೆಯವರದ್ದು. ಮುಂದೆ ಹೋಗಿ, ಒಳಗೆ ಜಾಗ ಉಂಟು.”