ಪತ್ರಾದ ಮನಿಗಿ ಕೌದಿ

ನನ್ನ ಮೊಮ್ಮಗಳು ಇನ್ನ ಮ್ಯಾಲೆ ನಮ್ಮ ಮನಿಯಾಗ ಇರ್ತಾಳ! ಇಲ್ಲೇ, ಸಾಂಕೋಲೆ ಊರಿನ ಈ ತಗಡಿನ ಪತ್ರಾದ ಮನಿಯಾಗ. ಮಟಮಟ ಮಧ್ಯಾಹ್ನ, ಓಣಿ ನಾಯಿ ಸುದ್ದಾ ಗಟಾರದಾಗ ಇಳಿದು ಬಿದ್ದಿದ್ದ ಹೊತ್ತಿನ್ಯಾಗ, ಕೂಸು ಬಾಯಿ ತಕ್ಕೊಂಡು ನಿದ್ದಿ ಹೊಡೀತು. ಹಂಗ ಮಲಗಿದ್ದಕ್ಕನ ಇಲ್ಲಿ ಉಳೀತು.

ಸೊಸಿ ಬಾಣಂತನಕ್ಕ ಧಾರವಾಡದ ತವರಿಗೆ ಹೋಗಿದ್ದಳು. ವಾಪಸ್ ಬರೂದ್ರಾಗ ಬ್ಯಾಸಿಗಿ. ಪತ್ರಾ ಕಾದರ ನಮ್ಮ ಮನಿಯಾಗ ಕೂಡೂದಂದ್ರ ರೊಟ್ಟಿ ಹಂಚಿನ ಮ್ಯಾಲೆ ಕುಂತಂಗ. ಸೊಸಿಯ ತಾಯಿ, ನಮ್ಮ ಬೀಗ್ತಿ, ಫೋನಿನ್ಯಾಗ ಕಡ್ಡಿ ಮುರಿದಂಗ ಹೇಳಿದ್ರು: "ನಾನ ಕರ್ಕೊಂಡು ಬರ್ತೇನ್ರಿ. ಕೂಸು ಮಧ್ಯಾಹ್ನ ಮಲಗಿದ್ರ ಬಿಟ್ಟು ಹೋಗ್ತೇನಿ. ಅತ್ತರ ಇಬ್ಬರನ್ನೂ ವಾಪಸ್ ಒಯ್ತೇನಿ. ಮಳಿ ಬಿದ್ದ ಮ್ಯಾಲೆ ನೋಡೂಣು."

ನನ್ನ ಮಗಂದು ಮೀನ ಇಡೋ ಥಂಡಿ ಕೋಣಿಗೆ ಗ್ವಾಡಿ ಜೋಡಿಸೋ ಕೆಲಸ. ಅಲ್ಲಿ ಉಳಿದ ದಪ್ಪನ ಹಲಗಿ, ಥರ್ಮಾಕೋಲಿನಂಗ ಹಗೂರ, ಕೇಳಿ ತಂದಾಂವ ಪತ್ರಾದ ಕೆಳಗ ಕೂಡಸಾಕ ಹತ್ತಿದ. ನಾ ಒಂದನ್ನ ಗಲ್ಲಕ್ಕ ಹಚ್ಚಿ ನೋಡಿದೆ.

"ಇದರಾಗ ಥಂಡಿನ ಇಲ್ಲಲ್ಲೋ! ಮನಿಗಿ ಕೌದಿ ಹೊಚ್ಚಿದಂಗ ಆತು. ಕೂಸನ್ನ ಬೇಯಿಸ್ತೀಯೇನು?"

"ಕೌದಿ ಬಿಸಿ ಏನಬೇ ಯವ್ವಾ?"

"ಹಳೇ ಸೀರಿ ಹೊಲಿದು ಹೊಲಿದು ಬಟ್ಟು ತೂತು ಮಾಡ್ಕೊಂಡಾಕಿಗೆ ಕೇಳಾಕ ಬಂದಿ!"

ಮಗ ಮೀನ ಮಾರ್ಕೆಟ್ಟಿಗೆ ಹೋಗಿ ಎರಡು ಬರ್ಫದ ಗಡ್ಡಿ ತಂದ. ಒಂದನ್ನ ತಾಟಿನ್ಯಾಗ ಇಟ್ಟ. ಇನ್ನೊಂದನ್ನ ನನ್ನ ಹಳೇ ಕೌದಿಯಾಗ ಸುತ್ತಿದ. ಕೌದಿಯಾಗಿಂದು ಮೊದಲ ಕರಗ್ತೈತಿ ಅಂತ ನಾ ನಕ್ಕೆ. ರೊಟ್ಟಿ ಬಡಿದು ಏಳೂದ್ರಾಗ ತಾಟಿನ್ಯಾಗ ಬರೇ ನೀರು. ಕೌದಿ ಬಿಚ್ಚಿದ್ರ ಗಡ್ಡಿ ಗಡ್ಡಿನ!

"ಕೌದಿ ಬಿಸಿನೂ ಕೊಡಂಗಿಲ್ಲ, ಥಂಡಿನೂ ಕೊಡಂಗಿಲ್ಲ," ಅಂದ. "ಒಳಗ ಗಾಳಿ ಸಿಕ್ಕೊಂಡಿರ್ತೈತಿ. ಬಿಸಿ ಅದನ್ನ ದಾಟಾಕ ಭಾಳ ಹೊತ್ತು ಹಿಡೀತೈತಿ. ಹಲಗಿನೂ ಹಂಗ."

"ಹಂಗಾರ ಥಂಡಿದಿನಕ್ಕ ನನ್ನ ಮೈ ಹೆಂಗ ಬೆಚ್ಚಗ ಆಗ್ತೈತಿ?"

"ಅದು ನಿಂದ ಬಿಸಿ. ಹೊರಗ ಹೋಗಗೊಡಂಗಿಲ್ಲ."

"ಬರ್ಫಕ್ಕ ಬಿಸಿ ಒಳಗ ಬರಗೊಡಂಗಿಲ್ಲ, ನನಗ ಬಿಸಿ ಹೊರಗ ಹೋಗಗೊಡಂಗಿಲ್ಲ. ಯಾರು ಒಳಗ ಅದಾರ, ಯಾರು ಹೊರಗ ಅದಾರ ಅಂತ ಕೌದಿಗೆ ಹೆಂಗ ಗೊತ್ತಾಗ್ತೈತೋ?"

"ಅದಕ್ಕೇನೂ ಗೊತ್ತಿಲ್ಲಬೇ!" ಅಂತ ತಲಿ ಚಚ್ಕೊಂಡು ಏಣಿ ಹತ್ತಿದ. ಹಲಗಿಗೆ ಬೆಂಕಿ ತಾಗಬಾರದಂತ ಒಲಿ ಹೊರಗಿನ ಕಟ್ಟಿ ಮ್ಯಾಲೆ ಹೋತು. ನನ್ನ ತಲಿಯಾಗ ಮಾತ್ರ ಎಲ್ಲಾ ಗೋಜಲು.

ಬೀಗ್ತಿ ಬಂದ ದಿನ ಬೆಂಕಿಯಂಥಾ ಬಿಸಲು. ಒಳಗ ಬಂದು ಮ್ಯಾಲೆ ನೋಡಿದ್ರು. "ಅಡ್ಡಿಯಿಲ್ರಿ, ನೆತ್ತಿ ಸುಡವಲ್ದು," ಅಂದ್ರು. ನಾ ಹಿಗ್ಗಿದೆ. ಕೂಸಿನ್ನ ತೊಟ್ಟಲದಾಗ ಹಾಕಿ, ಅದಕ್ಕಂತನ ಎರಡೂ ಮನಿಯ ಸೀರಿ ಕೂಡಿಸಿ ಹೊಲಿದ ಹೊಸಾ ಕೌದಿ ಹೊಚ್ಚಿದೆ. ಅಜ್ಜಿ ಕೈಯಿಂದು ಮೊದಲನೇದು, ಹೊಚ್ಚದ ಬಿಡ್ತೇನೇನು!

ಕೂಸು ಅಳಾಕ ಹತ್ತಿತು. ತೂಗಿದ್ರ ಅಳು, ಎತ್ತಿದ್ರ ಅಳು. ಸೊಸಿ ಮಾರಿ ಸಣ್ಣದಾತು. ಮಗ ಹಲಗಿಗೆ ಕೈ ಹಚ್ಚಿ ಹಚ್ಚಿ ನೋಡಿದ. ಬೀಗ್ತಿ ಮಗಳಿಗೆ, "ಬ್ಯಾಗ ತುಂಬವ್ವಾ," ಅಂದ್ರು.

ನಾ ಕೂಸಿನ ಬೆನ್ನಿಗೆ ಕೈ ಹಾಕಿದೆ. ಬೆವರು! ಮ್ಯಾಲೆ ನೋಡಿದೆ, ಕೌದಿ ನೋಡಿದೆ. ಬರ್ಫದ ಗಡ್ಡಿ ನೆನಪಾತು. ಕೂಸೇನು ಬರ್ಫಲ್ಲ, ಸಣ್ಣ ಒಲಿ. ಅದರ ಬಿಸಿನ್ನ ನಾನ ಸುತ್ತಿ ಇಟ್ಟೇನಿ! ಕೌದಿ ಕಿತ್ತು ತಗದೆ.

"ಅಯ್ಯ, ಹೊಲಿದವರ ತಗದ್ರಲ್ರೀ!" ಅಂದ್ರು ಬೀಗ್ತಿ.

ಕೂಸು ಬಿಕ್ಕಿತು, ಮುಟಗಿ ಬಿಚ್ಚಿತು, ಮಲಗಿತು. ನಾವು ನಾಕೂ ಮಂದಿ ಉಸಿರು ಹಿಡದು ತೊಟ್ಟಲದ ಸುತ್ತ ನಿಂತ್ವಿ. ಸೊಸಿ ಬ್ಯಾಗಿನ್ಯಾಗಿನ ಅರಿವಿ ಸಪ್ಪಳಿಲ್ಲದ ಹೊರಗ ತಗದಳು.

ಸಂಜಿಗೆ ಎಲ್ಲಾರೂ ಒಂದ ಪಂಕ್ತಿಗೆ ಕುಂತ್ವಿ. ಎಣಗಾಯಿ, ಶೇಂಗಾ ಹಿಂಡಿ, ಬಿಸಿ ರೊಟ್ಟಿ. ನಾ ಮಗನಿಗೆ ಮತ್ತ ಅದನ್ನ ಕೇಳಿದೆ: "ಅಲ್ಲೋ, ಕೌದಿಗೆ ಹೆಂಗ ಗೊತ್ತಾಗ್ತೈತಿ?"

"ಮೊದಲ ಉಣ್ರಿ, ರೊಟ್ಟಿ ಆರ್ತಾವು," ಅಂದ್ರು ಬೀಗ್ತಿ.

"ಆರಂಗಿಲ್ರಿ, ಅರಿವ್ಯಾಗ ಸುತ್ತಿ ಇಟ್ಟೇನಿ," ಅಂದೆ. ಅಂದಾಕಿ ಬುಟ್ಟಿ ನೋಡಿದೆ: ಈ ಅರಿವಿಗೇನು ಗೊತ್ತೈತಿ! ಮಗ ನನ್ನ ಮಾರಿ ನೋಡಿ ನಗಾಕ ಹತ್ತಿದ. ಸೊಸಿನೂ ನಕ್ಕಳು. ನಾ ಬುಟ್ಟಿಯಾಗಿನ ಅರಿವಿ ಬಿಚ್ಚಿ, ಉಗಿ ಆಡೋ ರೊಟ್ಟಿ ಬೀಗ್ತಿ ತಾಟಿಗೆ ಮೊದಲ ಹಾಕಿದೆ.