ಹುಳ ಮೇಯುವ ಸದ್ದು

ರೇಷ್ಮೆ ಹುಳ ಸಾಕಿದವರಿಗೆ ಗೊತ್ತು, ಗೂಡು ಕಟ್ಟುವ ಮುಂಚೆ ಅವು ಹೇಗೆ ಮೇಯುತ್ತವೆ ಅಂತ. ಹಿಪ್ಪುನೇರಳೆ ಸೊಪ್ಪು ಹಾಕಿದ್ದೇ ತಡ, ಮನೆಯೆಲ್ಲ ಚರಚರ ಅನ್ನುತ್ತೆ. ಹೊಸಬರು ಮಳೆ ಹಿಡಕೊಂಡಿತೇನೋ ಅಂತ ಬಾಗಿಲ ಕಡೆ ನೋಡುತ್ತಾರೆ. ಆ ಸದ್ದಿನ ಜೊತೆ ನಾನು ಎಷ್ಟು ಏಗಿದ್ದೀನಿ ಅಂದರೆ, ಈಗ ಯಾರಾದರೂ ರೇಷ್ಮೆ ಸೀರೆ ತೋರಿಸಿದರೂ ಸುಸ್ತಾಗುತ್ತೆ. ಅದರಲ್ಲಿ ಮನೇಲಿ ಹುಳ ಇದ್ದ ವರ್ಷಗಳು ಕಡಿಮೆ. ಹುಳ ಇಲ್ಲದೆ, ಬರೀ ನಮ್ಮತ್ತೆಯ ಕಿವಿಯಲ್ಲಿ ಸದ್ದು ಇದ್ದ ವರ್ಷಗಳೇ ಜಾಸ್ತಿ.

ಕೊಳ್ಳೇಗಾಲ ಮದ್ರಾಸಿನಿಂದ ಬಿಟ್ಟು ಮೈಸೂರಿಗೆ ಸೇರಿದ ಹೊಸದರಲ್ಲಿ, ಐವತ್ತಾರನೇ ಇಸವಿಯ ಆಚೀಚೆ, ನಾನು ಅಜ್ಜೀಪುರದ ಆ ಮನೆಗೆ ಸೊಸೆಯಾಗಿ ಬಂದೆ. ನಡುಮನೆ ತುಂಬ ಬಿದಿರಿನ ತಟ್ಟೆ, ತಟ್ಟೆ ತುಂಬ ಹುಳ. ಮನುಷ್ಯರು ಎಲ್ಲೋ ಮೂಲೆಯಲ್ಲಿ. ಹುಳಕ್ಕೆ ಇದ್ದ ಮಡಿ ದೇವರ ಗೂಡಿಗೂ ಇರಲಿಲ್ಲ ಬಿಡಿ. ಒಗ್ಗರಣೆ ಘಾಟು ಆಗಬಾರದು, ಮುಟ್ಟಾದವರು ಬರಬಾರದು, ಸಾವಿನ ಮನೆಗೆ ಹೋದವರು ಬರಬಾರದು. ಬಾಣಂತಿಯನ್ನು ಮುಟ್ಟಿದವರಂತೂ ತಲೆಗೆ ನೀರು ಹಾಕಿಕೊಳ್ಳದೆ ಹೊಸ್ತಿಲು ದಾಟುವ ಹಾಗೇ ಇಲ್ಲ. ದಾಟಿದರೆ ಹುಳ ಸಾಯುತ್ತವೆ ಅಂತ ಅತ್ತೆ ನಂಬಿದ್ದರು. ಅತ್ತೆ ಒಬ್ಬರೇನು, ಊರೇ ನಂಬಿತ್ತು.

ನನ್ನ ನಾದಿನಿ ಚೊಚ್ಚಲ ಹೆರಿಗೆಗೆ ಅಂತ ಯಳಂದೂರಿನ ಗಂಡನ ಮನೆಯಿಂದ ಬಂದಳು. ಹುಳ ಕೊನೇ ಮೇವಿನಲ್ಲಿ ಇರುವಾಗಲೇ ಹೆತ್ತಳು. ನಡುಮನೆಯಲ್ಲಿ ಜಾಗ ಎಲ್ಲಿ? ಹಿತ್ತಲ ಕೊಟ್ಟಿಗೆ ಸಾರಿಸಿ ಚಾಪೆ ಹಾಸಿಕೊಟ್ಟರು. ಗಂಡು ಮಗು, ಚೆನ್ನಾಗಿತ್ತು. ಮಾರನೇ ದಿನ ಮಧ್ಯಾಹ್ನ ಸೊಪ್ಪು ತೀರಿತು ಅಂತ ನಾನು ಕುಯ್ಯಲು ತೋಟಕ್ಕೆ ಹೋದೆ. ನನ್ನ ಗಂಡ ಹನೂರಿಗೆ ಹೋಗಿದ್ದರು. ಮನೆಯಲ್ಲಿ ಅತ್ತೆ ಒಬ್ಬರೇ. ವಾಪಸ್ ಬಂದು ಹೊರೆ ಇಳಿಸಿ ಕೊಟ್ಟಿಗೆಗೆ ಇಣುಕಿದರೆ, ಅಯ್ಯೋ ಶಿವನೇ, ಚಾಪೆ ನೆಂದು ರಕ್ತ ನೆಲಕ್ಕೆ ಇಳಿದಿತ್ತು. ಅವಳು ತಣ್ಣಗಾಗಿದ್ದಳು. ಮಗು ಪಕ್ಕದಲ್ಲಿ ನಿದ್ದೆ ಮಾಡುತ್ತಿತ್ತು.

"ಕೂಗ್ನಿಲ್ವಾ ಅವ್ಳು?" ಅಂತ ಬಂದವರೆಲ್ಲ ಕೇಳಿದರು.

"ಉಳ ಮೇಯೋ ಸದ್ದಲ್ಲಿ ಏನೂ ಕೇಳ್ನಿಲ್ಲ ಕಣ್ರಪ್ಪೋ" ಅಂತ ಅತ್ತೆ ಎದೆ ಬಡಿದುಕೊಂಡರು. ಪಾಪ, ಹೌದು ಅಂದರು ಎಲ್ಲರೂ. ನಾನೂ ಅಂದೆ. ಅಳಿಯನ ಕಡೆಯವರು ಬಂದು ಮಗುವನ್ನು ಎತ್ತಿಕೊಂಡು ಹೋದರು.

ಆ ಹಾಳು ಹುಳ ನೋಡಿ! ಹೆರಿಗೆ ಆಯ್ತು, ಸಾವಾಯ್ತು, ಮನೆ ತುಂಬ ಸೂತಕ. ಮುಟ್ಟಿಸಿಕೊಳ್ಳಬಾರದ್ದೆಲ್ಲ ಮುಟ್ಟಿಸಿಕೊಂಡು, ಒಂದೂ ಸಾಯದೆ ಗಟ್ಟಿಯಾಗಿ ಗೂಡು ಕಟ್ಟಿದವು. ಅಂಥ ಬೆಳೆ ನಮ್ಮ ಮನೆ ಕಂಡೇ ಇರಲಿಲ್ಲ. ಅತ್ತೆ ಆ ಗೂಡುಗಳ ಮುಂದೆ ಕೂತು ಮಿಕಮಿಕ ನೋಡುತ್ತಿದ್ದರು.

ಗೂಡು ಬಿಡಿಸಿ, ತಟ್ಟೆ ತೊಳೆದು ಅಟ್ಟಕ್ಕೆ ಏರಿಸಿದ ಮೇಲೆ ಶುರುವಾಯಿತು. "ಸೊಪ್ಪಾಕುದ್ಯಾ ಅಮ್ಮಿ? ಮೇಯ್ತಾವೆ, ಕೇಳು" ಅಂದರು. ತಮಾಷೆ ಅಂದುಕೊಂಡು ನಕ್ಕೆ. ಆಮೇಲೆ ನಗು ಬರಲಿಲ್ಲ. ಹೊಂಗೆಯೋ ಹರಳೋ, ಕೈಗೆ ಸಿಕ್ಕಿದ ಎಲೆ ತಂದು ನಡುಮನೆಗೆ ಹರಡುವುದು. ತಲೆಗೆ ನೀರು ಸುರಿದುಕೊಂಡು ಕೊಟ್ಟಿಗೆ ಬಾಗಿಲ ತನಕ ಹೋಗಿ, ಒಳಗೆ ಹೋಗದೆ ವಾಪಸ್ ಬಂದು ಮತ್ತೆ ನೀರು ಸುರಿದುಕೊಳ್ಳುವುದು. ಎಲೆ ಗುಡಿಸುವವಳು ನಾನು, ನೀರು ಸೇದುವವಳು ನಾನು, ಒದ್ದೆ ಸೀರೆ ಹಿಂಡುವವಳೂ ನಾನೇ. ಕೊಳ್ಳೇಗಾಲದ ಡಾಕ್ಟರು ಕಿವಿಗೆ ಬ್ಯಾಟರಿ ಬಿಟ್ಟು ನೋಡಿ ಏನೂ ಇಲ್ಲ ಅಂದರು. ಮಾರ್ಟಳ್ಳಿ ಕಡೆಯ ಮಂತ್ರವಾದಿಯೊಬ್ಬ ತಮಿಳಿನಲ್ಲಿ ಏನೋ ಮಣಮಣ ಅಂದು ಬೇವಿನ ಸೊಪ್ಪಲ್ಲಿ ಬಡಿದ. ಹುಳ ಸಾಕುವುದನ್ನೇ ಬಿಟ್ಟು, ಹಿಪ್ಪುನೇರಳೆ ಕಿತ್ತು ರಾಗಿ ಹಾಕಿದೆವು. ಅವರ ಕಿವಿಯ ಸದ್ದು ಮಾತ್ರ ನಿಲ್ಲಲಿಲ್ಲ. ಎಷ್ಟೋ ದಿನ ನಾನು ಪೊರಕೆ ಎಸೆದು, "ನಿಮ್ಮ ಹುಳಕ್ಕೆ ಬೆಂಕಿ ಬೀಳ" ಅಂತ ಅಂದಿದ್ದುಂಟು. ಅಂದಮೇಲೆ ಮತ್ತೆ ಪೊರಕೆ ಎತ್ತಿಕೊಳ್ಳಬೇಕಾದವಳೂ ನಾನೇ ಅಲ್ಲವೇ.

ಹೀಗೇ ಸವೆದು ಸವೆದು ಎಪ್ಪತ್ತನೇ ಇಸವಿ ದಾಟಿತು. ಒಂದು ಮಧ್ಯಾಹ್ನ ಅತ್ತೆ ಎಲೆ ತರಲಿಲ್ಲ. ಗೋಡೆಗೆ ಒರಗಿ ಕೂತಿದ್ದರು.

"ಏನತ್ತೆ, ಇವತ್ತು ಮೇವಿಲ್ವಾ?" ಅಂತ ಕುಟುಕಿದೆ.

"ನಿಂತೋಯ್ತು ಕಣಮ್ಮಿ."

ನನಗಾದ ಖುಷಿ ಏನು ಹೇಳಲಿ. ಸದ್ಯ, ಕೊನೆಗೂ ಮುಗಿಯಿತಲ್ಲ ಅಂತ ಅವರ ಪಕ್ಕದಲ್ಲೇ ಕುಸಿದು ಕೂತೆ.

"ಅವತ್ತೂ ಇಂಗೇ ನಿಂತಿತ್ತು" ಅಂದರು ಅತ್ತೆ. "ಸೊಪ್ಪು ತೀರೋಗಿತ್ತಲ್ಲ. ಉಳ ಎಲ್ಲಾ ತಲೆ ಎತ್ಕಂಡು ಸುಮ್ನಿದ್ವು. ಅವ್ವಾ ಅಂತ ಕೂಗುದ್ಲು. ಚೆಂದಾಗಿ ಕೇಳುಸ್ತು. ಅವಳ್ನ ಮುಟ್ಟುದ್ರೆ ತಲ್ಗೆ ನೀರಾಕಬೇಕು, ನೀ ಸೊಪ್ಪು ತರೋ ಒತ್ತಾಯ್ತು, ಈ ಮೇವು ಆಕ್ಬುಟ್ಟು ಓಗಾನ ಅಂತ ಕುಂತಿದ್ದೆ."

ಹೌದಲ್ಲ! ತಟ್ಟೆಯಲ್ಲಿ ಸೊಪ್ಪು ಇಲ್ಲ ಅಂತಲೇ ನಾನು ತೋಟಕ್ಕೆ ಹೋಗಿದ್ದು. ಸೊಪ್ಪಿಲ್ಲದ ಹುಳ ಸದ್ದು ಮಾಡುತ್ತದೆಯೇ? ಊರಿಗೆ ಊರೇ ಹುಳ ಸಾಕುವ ಜನ, ಒಬ್ಬರಿಗೂ ಹೊಳೆಯಲಿಲ್ಲ. ಬೈಯಬೇಕು ಅನ್ನಿಸಿತು, ತಬ್ಬಿಕೊಳ್ಳಬೇಕು ಅನ್ನಿಸಿತು. ಎರಡಕ್ಕೂ ನನ್ನಲ್ಲಿ ತ್ರಾಣ ಇರಲಿಲ್ಲ. ಎದ್ದು ಹೋಗಿ ಒಲೆ ಹಚ್ಚಿದೆ.

ಅಲ್ಲಿಂದ ಸಾಯುವ ತನಕ ಅತ್ತೆ ಹುಳದ ಮಾತು ಎತ್ತಲಿಲ್ಲ. ನೀರೂ ಸುರಿದುಕೊಳ್ಳಲಿಲ್ಲ. ಕೂತವರು ಇದ್ದಕ್ಕಿದ್ದ ಹಾಗೆ ಕೊಟ್ಟಿಗೆ ಕಡೆ ತಿರುಗಿ, "ಬಂದೆ ಮಗಾ, ಬಂದೆ" ಅಂತ ಓಗೊಡುತ್ತಿದ್ದರು. ಅಷ್ಟು ಹೊತ್ತಿಗೆ ಅವರ ಕಾಲು ಬಿದ್ದುಹೋಗಿತ್ತು, ಏಳಲು ಆಗುತ್ತಿರಲಿಲ್ಲ.