ಹನ್ನೆರಡು ಬಾನಿಗೊಂದು ಓಟ

ಇವತ್ತು ಬೆಳಗ್ಗೆ ಮನೆಯಲ್ಲಿದ್ದವರು ಮೂವರೇ. ಮಂಗನಬಾವು ಇಳಿದರೂ ಇನ್ನೊಂದು ವಾರ ಸ್ಕೂಲಿಗೆ ಬರಬೇಡ ಎಂದು ಹೇಳಿಸಿಕೊಂಡ ನನ್ನ ಮೊಮ್ಮಗಳು, ಅವಳನ್ನು ಎರಡು ಗಂಟೆ ಅಲ್ಲಾಡದಂತೆ ಕೂರಿಸಿ ಲೆಕ್ಕ ಹೇಳಿಕೊಡುವ ಹಟ ತೊಟ್ಟ ಅವಳ ಅಮ್ಮ, ಗೇಟಿನ ಕೀಲಿಗೆ ಬಿಡಲು ಎಣ್ಣೆ ಬಟ್ಟಲು ಹಿಡಿದು ನಿಂತ ನಾನು. ಗೇಟು ಕಿರ್ರ್ ಎಂದಿತು. ನೀವು ನಂಬುತ್ತೀರೋ ಇಲ್ಲವೋ, ಆ ಸದ್ದಿಗೆ ಈ ಮುದುಕಿಯ ಕಾಲುಗಳು ಓಡಲು ಸಜ್ಜಾಗಿಬಿಟ್ಟವು!

ಅದು ನಮ್ಮ ಕಪಿಲೆ ಬಾವಿಯ ರಾಟೆಯ ಸದ್ದು. ಆಗ ಇನ್ನೂ ಮಹಾರಾಜರ ಕಾಲ. ಕಟ್ಟೆಮಳಲವಾಡಿಯ ಆಚೆ, ನಾಲೆಯ ನೀರು ಹತ್ತದ ದಿಬ್ಬದಲ್ಲಿ ನಮ್ಮ ಹೊಲ. ಜೋಡೆತ್ತು ಹಗ್ಗ ಎಳೆಯುತ್ತ ಇಳಿಜಾರಿನಲ್ಲಿ ಇಳಿದರೆ ರಾಟೆ ಕಿರುಗುಟ್ಟಿ, ತೊಗಲಿನ ಬಾನಿ ತುಂಬಿಕೊಂಡು ಮೇಲೆ ಬಂದು ಕಾಲುವೆಗೆ ನೀರು ಸುರಿಯುತ್ತಿತ್ತು. ಎತ್ತು ಹೊಡೆಯುವವನು ಅಪ್ಪ. ಮೆಣಸಿನ ಪಾತಿಗೆ ನೀರು ಕಟ್ಟುವವಳು ಅವನ ತಂಗಿ, ನಮ್ಮ ಸಣ್ಣತ್ತೆ. ತೀರಿಕೊಂಡ ಗಂಡನಿಂದ ಓದುಬರಹ ಕಲಿತಿದ್ದ ಅವಳು ತವರಿಗೆ ಮರಳುವಾಗ ತಂದದ್ದು ಎರಡು ಸೀರೆ, ಒಂದು ಸ್ಲೇಟು.

ಊರಿನ ಕೂಲಿಮಠಕ್ಕೆ ಹೆಣ್ಣುಮಕ್ಕಳು ಹೋಗುತ್ತಿರಲಿಲ್ಲ. ನನ್ನ ತಮ್ಮ ಹೋಗಿ, ಬೆತ್ತದ ರುಚಿ ನೋಡಿ ಮೂರೇ ದಿನಕ್ಕೆ ವಾಪಸು ಬಂದಿದ್ದ. ಹಾಗಾಗಿ ನಮ್ಮಿಬ್ಬರಿಗೂ ಬಾವಿಕಟ್ಟೆಯೇ ಶಾಲೆ. ಹನ್ನೆರಡು ಬಾನಿ ನೀರು ಮೇಲೆ ಬರುವವರೆಗೂ ತಲೆ ಎತ್ತುವಂತಿಲ್ಲ. ಹನ್ನೆರಡಕ್ಕೆ ಅಪ್ಪ ಎತ್ತು ನಿಲ್ಲಿಸುತ್ತಿದ್ದ. ಆಗ ನಾವು ಹೊಲದಂಚಿನ ಹೊಂಗೆಮರಕ್ಕೆ ಓಡಿ, ಮುಟ್ಟಿ, ರಾಟೆ ಮತ್ತೆ ಕಿರ್ ಎನ್ನುವಷ್ಟರಲ್ಲಿ ಸ್ಲೇಟಿನ ಮುಂದಿರಬೇಕು. ತಮ್ಮನಿಗೆ ಆರನೇ ಬಾನಿಗೇ ಅವಸರ. “ಅನ್ನೆರ್ಡಾಯ್ತಾ ಅತ್ತೆ?” ಎಂದರೆ ಅವಳು, “ಮೊದ್ಲು ಎಣಿಸೋದು ಕಲ್ತ್ಕೊ, ಗೊತ್ತಾಯ್ತದೆ” ಎನ್ನುತ್ತಿದ್ದಳು. ಕಲಿತದ್ದು ಹಾಗೇ!

ಅಪ್ಪನಿಗೆ ನಮ್ಮ ಓದೆಂದರೆ ಗೇಲಿ. “ಇವಳೇನು ಅಮಲ್ದಾರಿಕೆ ಮಾಡ್ತಾಳಾ?” ಎನ್ನುತ್ತಿದ್ದ. ಎತ್ತನ್ನು ಯಾಕೆ ನಿಲ್ಲಿಸ್ತೀಯ ಎಂದು ಒಮ್ಮೆ ಕೇಳಿದ್ದಕ್ಕೆ ಸಿಡುಕಿದ: “ದಣಿಯೋಕ್ ಮುಂಚೆ ನಿಲ್ಲುಸ್ಬೇಕು ಕಣೇ. ದಣಿದ್ಮೇಲೆ ನಿಲ್ಸಿದ್ರೆ ಮಲೀಕತ್ತವೆ, ಆಮೇಲೆ ಏಳಾಕಿಲ್ಲ.”

ಅತ್ತೆ ಬಿಡಲಿಲ್ಲ. ನನ್ನನ್ನು ಹುಣಸೂರಿನ ಶಾಲೆಗೆ ಸೇರಿಸೆಂದು ಅಣ್ಣನ ಬೆನ್ನು ಹತ್ತಿದಳು. ಕೊನೆಗೆ ಅಪ್ಪ ನನ್ನ ಕಡೆ ತಿರುಗಿ, “ಒಂದೇ ಸಲ ಕರ್ಕಂಡೋಯ್ತೀನಿ. ಮೇಷ್ಟ್ರು ನಾಕ್ನೇ ತರಗತಿಗೆ ತಕಂಡ್ರೆ ಅಲ್ಲೇ ಚಿಕ್ಕಪ್ಪನ ಮನೇಲಿದ್ದು ಓದ್ಕೊ. ಇಲ್ದಿದ್ರೆ ಸ್ಲೇಟು ಅಟ್ಟಕ್ಕೆ, ನೀನು ಆಡಿನ್ ಹಿಂದಕ್ಕೆ” ಎಂದ.

ಮೇಷ್ಟ್ರು ಐದು ಲೆಕ್ಕ ಕೊಟ್ಟರು. ಅಪ್ಪ ಬಾಗಿಲಾಚೆ ಕುಕ್ಕುರುಗಾಲಲ್ಲಿ ಕೂತ. ಮೂರು ಸರಾಗವಾಗಿ ಆದವು. ನಾಲ್ಕನೆಯದನ್ನು ಹೇಗೋ ಮುಗಿಸುವಷ್ಟರಲ್ಲಿ ಅಂಕಿಗಳು ಇರುವೆಗಳಂತೆ ಹರಿದಾಡತೊಡಗಿದವು. ಅಲ್ಲಿ ರಾಟೆ ಎಲ್ಲಿಂದ ಬರಬೇಕು? ನಾನೇ ಮನಸ್ಸಿನಲ್ಲಿ ಕಿರುಗುಟ್ಟಿಸಿ ಎಣಿಸಿದೆ. ಹನ್ನೆರಡು ಎಂದದ್ದೇ ತಡ, ಎದ್ದು ಓಡಿದೆ!

“ಲೇ, ಎಲ್ಲೋಯ್ತೀಯೇ! ಮಾನ ಕಳೆದ್ಯಲ್ಲೇ!” ಅಪ್ಪ ಹಿಂದೆಯೇ ಓಡಿಬಂದ. ನಾನು ಅಂಗಳದ ಬೇವಿನಮರ ಮುಟ್ಟಿ, ಅವನ ಪಕ್ಕದಲ್ಲೇ ನುಸುಳಿ, ಒಳಗೆ ಬಂದು ಐದನೆಯ ಲೆಕ್ಕಕ್ಕೆ ಕೂತೆ.

“ಯಾಕಮ್ಮ ಓಡಿದೆ?” ಎಂದರು ಮೇಷ್ಟ್ರು.

“ಅನ್ನೆರ್ಡ್ ಬಾನಿ ಆಯ್ತು, ಸಾಮಿ.”

ಅವರು ಅಪ್ಪನ ಮುಖ ನೋಡಿದರು. ಅಪ್ಪ ತಲೆವಸ್ತ್ರ ಹಿಂಡುತ್ತ ಬಾವಿಕಟ್ಟೆಯ ಕತೆಯನ್ನೆಲ್ಲ ಒದರಿದ. ಮೇಷ್ಟ್ರು ನಗಲಿಲ್ಲ. ಸ್ಲೇಟು ನೋಡಿ, “ನಾಲ್ಕನೆಯದು ತಪ್ಪು. ಇದನ್ನ ಮಾಡಿದ್ದು ಓಡೋಕೆ ಮುಂಚೆಯೋ, ಆಮೇಲೋ?” ಎಂದರು.

“ಮುಂಚೆ.”

“ಹಾಗಾದ್ರೆ ಇನ್ನೊಂದು ಸಲ ಮರ ಮುಟ್ಟಿ ಬಂದು ಮಾಡು.”

ಅಂಥ ಓಟವನ್ನು ನಾನು ಮತ್ತೆಂದೂ ಓಡಿಲ್ಲ. ಲೆಕ್ಕ ಸರಿಯಾಯಿತು. “ನಾಳೆಯಿಂದ ಕಳಿಸ್ರಪ್ಪ” ಎಂದರು ಮೇಷ್ಟ್ರು. ನನ್ನ ಬಾಲ ಹಿಡಿದು ತಮ್ಮನೂ ಒಂದನೇ ತರಗತಿಗೆ ಸೇರಿಕೊಂಡ.

ದಸರಾ ರಜಕ್ಕೆ ಊರಿಗೆ ಬಂದವಳು ನೆಟ್ಟಗೆ ಬಾವಿಕಟ್ಟೆಗೆ ಓಡಿ ಅತ್ತೆಯ ಪಕ್ಕ ಕೂತೆ. ಅಪ್ಪ ಬೆನ್ನು ಹಾಕಿ ಎತ್ತು ಹೊಡೆಯುತ್ತಿದ್ದ, ನನ್ನನ್ನು ನೋಡಿರಲಿಲ್ಲ. ಹಳೆ ಅಭ್ಯಾಸ, ಎಣಿಸಿದೆ. ಹನ್ನೆರಡಾಯಿತು. ಎತ್ತು ನಿಲ್ಲಲಿಲ್ಲ. ಹದಿನೈದಾಯಿತು, ಇಪ್ಪತ್ತು ದಾಟಿತು.

“ಅತ್ತೆ, ಎತ್ತು ದಣಿಯಲ್ವಾ?”

“ಅವು ಮೂವತ್ತಕ್ಕೂ ಜಗ್ಗಾಕಿಲ್ಲ ಕಣವ್ವ. ಅನ್ನೆರ್ಡಕ್ಕೆ ದಣೀತಿದ್ದೋರು ನೀವು. ಕಮ್ಮಿ ಬಿದ್ದ ನೀರ್ ತುಂಬ್ಸಾಕೆ ನಿಮ್ಮಪ್ಪ ಒತ್ತಾರೇಲೇ ಬಂದು ಎತ್ತು ಕಟ್ತಿದ್ದ.”

ಅಷ್ಟರಲ್ಲಿ ಅಪ್ಪ ತಿರುಗಿ ನೋಡಿದ. “ಯಾವಾಗ್ ಬಂದ್ಯೇ?” ಎಂದು, ಎತ್ತು ನಿಲ್ಲಿಸಿದ.

ಎಣ್ಣೆ ಬಟ್ಟಲನ್ನು ಅಡುಗೆಮನೆಯಲ್ಲಿಟ್ಟು ಬಂದೆ. ಮೊಮ್ಮಗಳಿಗೆ ನಿಯಮ ಹೇಳಿ, ಗೇಟನ್ನು ಮೆಲ್ಲಗೆ ತೆಗೆಯುತ್ತ ಮುಚ್ಚುತ್ತ ಹೋದೆ. ಹನ್ನೆರಡನೆಯ ಕಿರ್ರಿಗೆ ಅವಳು ಒಳಗಿನಿಂದ ಬಾಣದಂತೆ ಬಂದು ಸೀಬೆಮರ ಮುಟ್ಟಿದಳು. ಅವಳ ಹಿಂದೆಯೇ ಅವಳ ಅಮ್ಮನೂ ಬಂದು ಮುಟ್ಟಿದಳು.